ನೀರಿನ ಗೋಪುರಗಳ ಬಾದಶಹ: ಮಹಮ್ಮದ ಆದಿಲಶಹ

ವಿಜಾಪುರವೆಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ನಿಲ್ಲುವದು ಗೋಳಗುಮ್ಮಟ. ಹಲಕರ್ಣಿ, ಗಡಹಿಂಗ್ಲಜ, ಸಂಕೇಶ್ವರಗಳ ಕಡೆಯಿಂದ ಪ್ರವಾಸಕ್ಕೆ ಹೋದ ಶಾಲೆಯ ಮಕ್ಕಳು ಆ ಗುಮ್ಮಟದೊಳಗೆ ಒಮ್ಮೆ ಕೂಗಿ, ತಮ್ಮ ಧ್ವನಿಯು ಮರಳಿ ಮರಳಿ ಕೇಳಿಬರುವದಕ್ಕೆ ಬೆರಗಾಗಿ ಊರಿಗೆ ಹಿಂದಿರುಗುತ್ತಾರೆ. ಅದರ ಕೆಳಗೆ ಚಿರನಿದ್ರೆಯಲ್ಲಿರುವ ಮಹಮ್ಮದ ಆದಿಲಶಹನ ಹೆಸರು ಬಹುಮಟ್ಟಿಗೆ ಆ ಗುಮ್ಮಟದಿಂದಲೇ ಉಳಿದಿದೆ. ಆದರೆ ಅದೇ ಊರಿನಲ್ಲಿ ಅಲ್ಲಲ್ಲಿ ಕಲ್ಲಿನ ಎತ್ತರವಾದ ಗೋಪುರಗಳು ನಿಂತಿವೆ. ಅರಿಯದವರು ಅವನ್ನು ಕಾವಲಿನ ಬುರುಜುಗಳೆಂದು ಭ್ರಮಿಸಬಹುದು. ಅವು ಕಾವಲಿಗಾಗಿ ಕಟ್ಟಿದವುಗಳಲ್ಲ. ಊರಿಗೆ ನೀರು ಕುಡಿಸುವದಕ್ಕಾಗಿ ಕಟ್ಟಿದವು. ಅವುಗಳಿಗೆ ಗಂಜ ಎಂದು ಹೆಸರು. ಆ ಬಾದಶಹನ ಜೀವನವನ್ನು ಗುಮ್ಮಟದ ನೆರಳಿನಲ್ಲಿ ನೋಡುವ ಬದಲು, ಈ ಗಂಜಗಳ ಬದಿಗೆ ನಿಂತು ನೋಡಬೇಕೆಂಬುದು ನಮ್ಮ ಆಶೆ.

ನಮ್ಮ ಈ ಸೀಮೆಗೂ ಆತನಿಗೂ ಸಂಬಂಧವಿಲ್ಲದಿಲ್ಲ. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಪನ್ಹಾಳದ ಕೋಟೆಯೂ ಅದರ ಸುತ್ತಣ ನಾಡೂ ವಿಜಾಪುರದ ಆಳಿಕೆಗೆ ಒಳಪಟ್ಟಿದ್ದವು. ಹಲಕರ್ಣಿಗೆ ದೂರವಲ್ಲದ ಹುಕ್ಕೇರಿಯ ಗುಮ್ಮಟಗಳು ಆ ಆದಿಲಶಾಹಿ ಕಾಲದ ಕುರುಹುಗಳೇ ಆಗಿವೆ. ಇಂದು ನಮ್ಮನ್ನು ಎರಡು ರಾಜ್ಯಗಳಾಗಿ ವಿಂಗಡಿಸಿರುವ ಗಡಿಯು ಅಂದು ಇರಲಿಲ್ಲ.

ಮಹಮ್ಮದನು ಸಂಗೀತಪ್ರಿಯನೆಂದು ಹೆಸರಾದ ಎರಡನೆಯ ಇಬ್ರಾಹಿಮ ಆದಿಲಶಹನ ಮಗನು. 1627ರಲ್ಲಿ ತಂದೆಯು ತೀರಿಕೊಂಡಾಗ ಈತನಿಗೆ ಹದಿನೈದರ ಆಸುಪಾಸಿನ ಪ್ರಾಯ. ಬಾಲಕನು ಸಿಂಹಾಸನವನ್ನೇರಿದರೂ ಆಡಳಿತದ ಸೂತ್ರಗಳು ದೊಡ್ಡ ಸರದಾರರ ಕೈಯಲ್ಲಿದ್ದವು. ಅಷ್ಟರಲ್ಲಿಯೇ ಎರಡು ಕೇಡುಗಳು ಒದಗಿದವು. 1630ರಿಂದ 1632ರ ವರೆಗೆ ದಖ್ಖನ ಪ್ರಾಂತದಲ್ಲಿ ಭಯಂಕರವಾದ ಬರಗಾಲವು ಬಿದ್ದಿತು. 1631ರಲ್ಲಿ ಮೊಗಲರ ಸೇನಾಪತಿಯಾದ ಆಸಫಖಾನನು ವಿಜಾಪುರಕ್ಕೆ ಮುತ್ತಿಗೆ ಹಾಕಿದನು. ಕಾಳುಕಡಿ ದೊರೆಯದೆ ಆ ಸೈನ್ಯವು ಹಿಂದಕ್ಕೆ ಹೋಗಬೇಕಾಯಿತು. ಹಸಿವೂ ನೀರಡಿಕೆಯೂ ಶತ್ರುವಿನ ತೋಪಿಗಿಂತ ಬಲಿಷ್ಠವೆಂಬ ಪಾಠವನ್ನು ಕಲಿಸುವದಕ್ಕೆ ಆ ವರ್ಷಗಳು ಸಾಕಾಗಿದ್ದವು.

1636ರಲ್ಲಿ ಶಹಾಜಹಾನನೊಡನೆ ಒಪ್ಪಂದವಾಗಿ ಉತ್ತರದ ಭಯವು ತಗ್ಗಿತು. ಆ ಬಳಿಕ ವಿಜಾಪುರದ ಸೈನ್ಯವು ದಕ್ಷಿಣದತ್ತ ಮುಖ ಮಾಡಿತು. ರಣದುಲ್ಲಾಖಾನನ ದಂಡು ಇಕ್ಕೇರಿಯ ನಾಯಕರ ಮೇಲೆ ಹೋಯಿತು. 1638ರಲ್ಲಿ ಬೆಂಗಳೂರು ಕೆಂಪೇಗೌಡರ ವಂಶದವರ ಕೈಬಿಟ್ಟು ಶಹಾಜಿ ಭೋಸಲೆಯವರ ಜಹಗೀರಾಯಿತು. ಮುಂದೆ ತಮಿಳು ನಾಡಿನ ಜಿಂಜಿಯ ಕೋಟೆಯೂ ವಶವಾಯಿತು. ಆದಿಲಶಾಹಿಯು ಹಿಂದೆಂದೂ ಅಷ್ಟು ದೂರ ಹಬ್ಬಿರಲಿಲ್ಲ. ಆ ದಂಡು ತುಳಿದ ನೆಲದಲ್ಲಿ ಬಹುಭಾಗವು ಕನ್ನಡದ ನೆಲವೇ ಎಂಬುದನ್ನು ನಾವು ಮರೆಯುವಂತಿಲ್ಲ. ಗೆದ್ದ ಸಂಪತ್ತು ರಾಜಧಾನಿಗೆ ಹರಿದುಬಂದಿತು. ಸೋತ ಊರುಗಳ ಕಣ್ಣೀರಿಗೆ ಲೆಕ್ಕವಿಟ್ಟವರಿಲ್ಲ.

ಹೀಗೆ ಸಿರಿಯು ಬೆಳೆದಂತೆ ರಾಜಧಾನಿಯ ಜನಸಂಖ್ಯೆಯೂ ಬೆಳೆಯಿತು. ಆದರೆ ವಿಜಾಪುರವು ಮಳೆ ಕಡಿಮೆಯಾದ ಬಯಲು ಸೀಮೆ. ಕೃಷ್ಣೆ ಒಂದು ದಿಕ್ಕಿಗೆ ದೂರ, ಭೀಮೆ ಇನ್ನೊಂದು ದಿಕ್ಕಿಗೆ ದೂರ. ಮಹಮ್ಮದನ ಪೂರ್ವಿಕರು ಈ ಕೊರತೆಯನ್ನು ಅರಿತೇ ಇದ್ದರು. ಮೊದಲನೆಯ ಅಲಿ ಆದಿಲಶಹನು 1579ರಲ್ಲಿ ಚಾಂದಬಾವಡಿಯನ್ನು ಕಟ್ಟಿಸಿದನು. ತೊರವೆ ರಾಮಾಯಣದಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ಊರಿಗೆ ನೀರು ತರಲಾಗಿದ್ದಿತು. ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ, ತಾಜಬಾವಡಿಯು ಆಯಿತು. ಇಷ್ಟಿದ್ದರೂ ಬೆಳೆಯುತ್ತಿದ್ದ ಊರಿಗೆ ನೀರು ಸಾಲದಾಯಿತು.

ಆಗ ಮಹಮ್ಮದನು ಊರಿನ ದಕ್ಷಿಣಕ್ಕೆ ದೊಡ್ಡದೊಂದು ಕೆರೆಯನ್ನು ಕಟ್ಟಿಸಿದನು. ಅದೇ ಬೇಗಮ ತಲಾಬ. ಸುಮಾರು 234 ಎಕರೆ ವಿಸ್ತಾರದ ಈ ಕೆರೆಯು 1651ರಲ್ಲಿ ಪೂರ್ಣವಾಯಿತು. ಜಹಾನ ಬೇಗಮ ಎಂಬ ರಾಣಿಯ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿತೆಂದು ಹೇಳುವರು. ಅಲ್ಲಿಂದ ಊರಿಗೆ ನೀರು ತಂದ ಕೆಲಸದೊಡನೆ ಸರದಾರ ಅಫಜಲಖಾನನ ಹೆಸರೂ ಕೂಡಿಕೊಂಡಿದೆ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಶಿವಾಜಿ ಮಹಾರಾಜರಿಂದ ಹತನಾದವನು ಈತನೇ.

ಆ ನೀರು ಬಂದ ರೀತಿಯನ್ನು ಸ್ವಲ್ಪ ವಿವರವಾಗಿ ತಿಳಿಯುವದು ಅವಶ್ಯ. ಕೆರೆಯ ಬದಿಯಲ್ಲಿ ನೆಲದೊಳಗೆ ಒಂದು ಕೋಣೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಯ ಕಟ್ಟಡವನ್ನು ಹೊದಿಸಿ, 15 ಅಡಿಯಿಂದ 50 ಅಡಿಗಳಷ್ಟು ಆಳದಲ್ಲಿ ಊರ ವರೆಗೆ ಸಾಗಿಸಿದರು. ಯಂತ್ರಗಳಿಲ್ಲದ ಆ ಕಾಲದಲ್ಲಿ ನೀರನ್ನು ಎತ್ತುವವರು ಯಾರು? ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಎತ್ತರದ ಕೆರೆಯಿಂದ ಹೊರಟ ನೀರು ತಗ್ಗಿಗೆ ಇಳಿದು ಮತ್ತೆ ಏರಬಲ್ಲದು. ಆದರೆ ಹಾಗೆ ಇಳಿದ ನೀರಿನ ಒತ್ತಡವು ಹೆಚ್ಚಿ ಮಣ್ಣಿನ ಕೊಳವೆಗಳು ಒಡೆದುಹೋಗುವ ಅಪಾಯವಿದ್ದಿತು. ಇದಕ್ಕೆ ಪರಿಹಾರವೇ 25ರಿಂದ 40 ಅಡಿ ಎತ್ತರದ ಈ ಗಂಜಗಳು. ನೀರು ಗೋಪುರದೊಳಗೆ ಮೇಲಕ್ಕೆ ಏರಿ, ಅಲ್ಲಿ ತನ್ನ ಬಿರುಸನ್ನು ಕಳೆದುಕೊಂಡು, ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಅದರೊಡನೆ ಬಂದ ಹೂಳು ಕೆಳಗೆ ತಂಗುತ್ತಿತ್ತು. ತಲೆಯ ಮೇಲೆ ಭಾರ ಹೊತ್ತ ದಾರಿಕಾರನು ಹೊರೆಗಲ್ಲಿನ ಮೇಲೆ ಅದನ್ನಿಳಿಸಿ, ಉಸಿರು ತಿರುಗಿಸಿಕೊಂಡು ಮುಂದೆ ನಡೆಯುವಂತೆಯೇ ಇದು. ಇಂದು ನಮ್ಮ ಊರುಗಳಲ್ಲಿ ಕಾಣುವ ಎತ್ತರದ ಟಾಕಿಗಳು ನೀರನ್ನು ಕೂಡಿಡುವದಕ್ಕಾಗಿ ಇವೆ. ಆ ಗಂಜಗಳ ಮುಖ್ಯ ಕಾರ್ಯವು ನೀರಿನ ವೇಗವನ್ನು ಹದಗೊಳಿಸುವದಾಗಿತ್ತು.

ಇಲ್ಲಿ ನಾವು ಲಕ್ಷಿಸಬೇಕಾದ ಇನ್ನೊಂದು ಸಂಗತಿಯುಂಟು. 1646ರ ಸುಮಾರಿಗೆ ಮಹಮ್ಮದನು ಕಠಿಣವಾದ ರೋಗಕ್ಕೆ ಈಡಾದನು. ಮುಂದಿನ ಹತ್ತು ವರ್ಷಗಳ ಕಾಲ ಆತನ ದೇಹವು ಸುಧಾರಿಸಲೇ ಇಲ್ಲ. ರಾಜ್ಯದ ಹೊಣೆಯ ಬಹುಭಾಗವನ್ನು ರಾಣಿಯಾದ ಬಡೀ ಸಾಹಿಬಾ ಹೊತ್ತಳು. ಬೇಗಮ ತಲಾಬವು ಪೂರ್ಣವಾದದ್ದು ಈ ಅವಧಿಯಲ್ಲಿಯೇ. ಒಂದು ಕಡೆಗೆ ತನ್ನ ಗೋರಿಯ ಮೇಲೆ ಸುಮಾರು 124 ಅಡಿ ಒಳವ್ಯಾಸದ ಗುಮ್ಮಟವು ಏಳುತ್ತಿರುವಾಗ, ಇನ್ನೊಂದು ಕಡೆಗೆ ಬದುಕಿರುವವರ ಬಾಯಿಗೆ ನೀರು ತರುವ ಕೆಲಸವೂ ನಡೆದಿದ್ದಿತು. 1656ರ ನವೆಂಬರದಲ್ಲಿ ಆತನು ಕಾಲವಾದನು. ಮಗನಾದ ಎರಡನೆಯ ಅಲಿಯು ಪಟ್ಟವೇರಿದನು.

ಮುಂದಿನ ಮೂವತ್ತು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದುಕೊಂಡನು. ಊರು ಬರಿದಾಯಿತು. ಜನರಿಲ್ಲದ ಊರಿನಲ್ಲಿ ಹೂಳು ತೆಗೆಯುವವರು ಯಾರು, ಒಡೆದ ಕೊಳವೆಗೆ ಗಾರೆ ಮೆತ್ತುವವರು ಯಾರು? ನೀರಿನ ವ್ಯವಸ್ಥೆಯೂ ಕ್ರಮೇಣ ಹಾಳಾಯಿತು. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಾನವು ಕಲಾದಗಿಯಿಂದ ವಿಜಾಪುರಕ್ಕೆ ಬಂದ ಮೇಲೆ ಊರು ಪುನಃ ತಲೆಯೆತ್ತಿತು. 2014ರಿಂದ ಅದರ ಹೆಸರು ವಿಜಯಪುರವೆಂದಾಗಿದೆ. ಕೆಲವು ಗಂಜಗಳು ಮಾತ್ರ ಒಣಗಿದ ಗಂಟಲಿನಿಂದ ಇನ್ನೂ ನಿಂತಿವೆ.

ಅರಸರ ಯೋಗ್ಯತೆಯನ್ನು ಅವರು ಗೆದ್ದ ಕೋಟೆಗಳಿಂದ ಅಳೆಯುವ ರೂಢಿಯು ನಮ್ಮಲ್ಲಿದೆ. ಹಾಗೆ ಅಳೆದರೆ ಮಹಮ್ಮದ ಆದಿಲಶಹನು ಗೆದ್ದುದೆಲ್ಲವೂ ಮೂರು ದಶಕಗಳಲ್ಲಿ ಕೈಬಿಟ್ಟುಹೋಯಿತು. ಗುಮ್ಮಟವು ಆತನೊಬ್ಬನ ಮನೆತನದ ಕೀರ್ತಿಗೆ ನಿಂತಿತು. ಆದರೆ ಗಂಜಗಳ ನೀರನ್ನು ಕುಡಿದವರು ಸಾಮಾನ್ಯ ಜನರು. ಒಬ್ಬ ಅರಸನ ತಪ್ಪುಗಳನ್ನು ಮುಚ್ಚಿಡದೆಯೇ ಆತನ ಈ ಪುಣ್ಯಕಾರ್ಯವನ್ನು ನೆನೆಯುವದು ನ್ಯಾಯವೆಂದು ನಾವು ಭಾವಿಸುತ್ತೇವೆ. ಆ ಕಾರ್ಯವೂ ನೋಡಿಕೊಳ್ಳುವ ಕೈಗಳಿದ್ದಷ್ಟು ಕಾಲ ಮಾತ್ರ ಬಾಳಿತೆಂಬುದನ್ನೂ ನೆನೆಯಬೇಕು. ಬೇಸಿಗೆಯಲ್ಲಿ ನೀರಿನ ಬೆಲೆಯನ್ನು ಬಲ್ಲ ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಹಿರಿಯರು ಕಟ್ಟಿಸಿದ ಬಾವಿಕೆರೆಗಳಿವೆ. ಅವುಗಳ ಹೂಳನ್ನು ತೆಗೆಯುವ ಕೈಗಳು ನಮ್ಮವೇ ಆಗಬೇಕು. ಮುಂದಿನ ಸಲ ಗೋಳಗುಮ್ಮಟವನ್ನು ನೋಡಹೋಗುವ ನಮ್ಮ ಮಕ್ಕಳು ಒಂದು ಗಂಜದ ಬಳಿಯಲ್ಲಿಯೂ ಅರೆಗಳಿಗೆ ನಿಂತು ಬರಲಿ.