ಭದ್ರೆಯ ದಡದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು

ತೀರ್ಥಹಳ್ಳಿಯನ್ನು ಹಾದು ಬರುವ ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಸೇರುವುದಷ್ಟೆ. ಆ ಭದ್ರೆಯ ದಡದಲ್ಲಿ ಹಿಂದೆ ಬೆಂಕಿಪುರವೆಂಬ ಸಣ್ಣ ಊರೊಂದಿದ್ದಿತು. ಅದೇ ಈಗಿನ ಭದ್ರಾವತಿ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೆತ್ತಿದೊಡನೆ ಜನರು ಕನ್ನಂಬಾಡಿಯ ಕಟ್ಟೆಯನ್ನು ಸ್ಮರಿಸುವರು. ಆದರೆ ಅವರ ಛಲವನ್ನು ಅರಿಯಬೇಕೆನ್ನುವವರು ಭದ್ರಾವತಿಯ ಚರಿತ್ರೆಯನ್ನು ಓದಬೇಕೆಂಬುದು ನಮ್ಮ ಮತ.

ಮುದ್ದೇನಹಳ್ಳಿಯಲ್ಲಿ 1861 ರಲ್ಲಿ ಜನಿಸಿದ ಅವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಡುತ್ತ ಬೆಂಗಳೂರಿನಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಾದರು. 1884 ರಿಂದ ಮುಂಬಯಿ ಸರಕಾರದ ಸೇವೆ; 1909 ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಪದವಿ; 1912 ರಿಂದ 1918 ರವರೆಗೆ ದಿವಾನಗಿರಿ. ಈ ವಿವರಗಳನ್ನು ಶಾಲೆಯ ಹುಡುಗರೂ ಬಲ್ಲರು.

ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದುರು ಯಥೇಚ್ಛವಾಗಿದ್ದಿತು. ಕಲ್ಲಿದ್ದಲು ಮಾತ್ರ ಸಂಸ್ಥಾನದಲ್ಲಿರಲಿಲ್ಲ. ಬಂಗಾಳದಿಂದ ಅದನ್ನು ತರಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನೆಲ್ಲ ನುಂಗುತ್ತಿದ್ದಿತು. ಆದುದರಿಂದ ಮಲೆನಾಡಿನ ಮರವನ್ನು ಮುಚ್ಚಿದ ಭಟ್ಟಿಗಳಲ್ಲಿ ಕಾಯಿಸಿ, ಬರುವ ಇದ್ದಲಿನಿಂದ ಅದುರನ್ನು ಕರಗಿಸುವುದೆಂದೂ, ಆವಿಯಲ್ಲಿ ಹೊರಡುವ ಮದ್ಯಸಾರ, ಡಾಮರು ಮೊದಲಾದುವನ್ನು ಮಾರುವುದೆಂದೂ ನಿಶ್ಚಯವಾಯಿತು. ಅಮೆರಿಕೆಯ ತಜ್ಞರ ಸಲಹೆಯನ್ನು ಪಡೆದು ಕಾರ್ಯವನ್ನಾರಂಭಿಸಿದುದು ಮಹಾಯುದ್ಧದ ಕಾಲದಲ್ಲಿ, ಕಬ್ಬಿಣಕ್ಕೆ ಚಿನ್ನದ ಬೆಲೆಯಿದ್ದಾಗ. 1923 ರ ಜನವರಿಯಲ್ಲಿ ಕುಲುಮೆ ಉರಿಯುವ ವೇಳೆಗೆ ಯುದ್ಧ ಮುಗಿದು ಬೆಲೆ ಕುಸಿದಿದ್ದಿತು. ಸರಕಾರದ ಹಣವನ್ನು ಭದ್ರೆಗೆ ಸುರಿದಂತಾಯಿತೆಂದು ಆಡಿಕೊಳ್ಳುವವರಿಗೆ ಕೊರತೆಯಿರಲಿಲ್ಲ.

ದಿವಾನಗಿರಿಯನ್ನು ಬಿಟ್ಟು ನಾಲ್ಕೈದು ವರ್ಷಗಳಾಗಿದ್ದವು. ವಯಸ್ಸು ಅರವತ್ತನ್ನು ದಾಟಿದ್ದಿತು. ಬೇರೆ ಯಾರಾದರೂ ಆಗಿದ್ದರೆ ದೂರದಲ್ಲಿ ಕುಳಿತು ಈಗಿನ ಅಧಿಕಾರಿಗಳನ್ನು ದೂಷಿಸುತ್ತಿದ್ದರು. ಅವರಾದರೋ ಆಡಳಿತ ಮಂಡಲಿಯ ಅಧ್ಯಕ್ಷಪದವಿಯನ್ನು ವಹಿಸಿಕೊಂಡು, 1929 ರವರೆಗೆ ಲೆಕ್ಕಪತ್ರಗಳ ಮತ್ತು ಯಂತ್ರಗಳ ನಡುವೆ ದುಡಿದರು. ವೆಚ್ಚವನ್ನು ಬಿಗಿಹಿಡಿದು, ಪರದೇಶದ ನಿಪುಣರ ಸ್ಥಾನಗಳಿಗೆ ನಮ್ಮವರನ್ನು ತರಬೇತು ಮಾಡಿದರು. ಸಂಬಳವನ್ನು ಮುಟ್ಟಲಿಲ್ಲ. ಬಹುಕಾಲದ ಮೇಲೆ ಆ ಬಾಬಿನಲ್ಲಿ ಸಂದ ಹಣವು 1943 ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಗೆ ವಿನಿಯೋಗವಾಯಿತು.

ಅನಂತರ 1936 ರಲ್ಲಿ ಉಕ್ಕು, 1938 ರಲ್ಲಿ ಸಿಮೆಂಟು. ಅದೇ ನದಿಯ ನೀರನ್ನು ನಂಬಿ ಕಾಗದದ ಕಾರ್ಖಾನೆ. ನಾನಾ ಭಾಷೆಗಳನ್ನಾಡುವ ಕೂಲಿಕಾರರೂ ಗುಮಾಸ್ತರೂ ನೆಲಸಿ, ಹಳ್ಳಿಯು ಪಟ್ಟಣವಾಯಿತು. ಇದೆಲ್ಲವೂ ಪುಕ್ಕಟೆಯಾಗಿ ಬಂದುದಲ್ಲ. ಇದ್ದಲಿಗಾಗಿ ಉರುಳಿದ ಮರಗಳ ಲೆಕ್ಕವನ್ನು ಕಾರ್ಖಾನೆಯ ಲಾಭನಷ್ಟದ ಪಟ್ಟಿಯಲ್ಲಿ ಯಾರೂ ಬರೆಯಲಿಲ್ಲ. ಸಾಗರದ ಸೀಮೆಯ ಜೋಗದಲ್ಲಿ 1948 ರಲ್ಲಿ ವಿದ್ಯುತ್ತು ಹುಟ್ಟಿ, 1952 ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದ ಮೇಲೆ ಕಾಡಿನ ಮೇಲಣ ಭಾರ ಇಳಿಯಿತು. ಆದರೆ ವಿದ್ಯುತ್ತಿನ ಹಸಿವು ಬೆಳೆಯುತ್ತ ಹೋಗಿ, 1964 ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ ತೋಟಗಳೂ ಮನೆಗಳೂ ಶರಾವತಿಯಲ್ಲಿ ಮುಳುಗಿದವು. ಒಂದು ನದಿಯ ದಡದ ಕುಟುಂಬಕ್ಕೆ ಅನ್ನ ದೊರೆತಾಗ ಇನ್ನೊಂದು ನದಿಯ ದಡದ ಕುಟುಂಬ ಗಂಟುಮೂಟೆ ಕಟ್ಟಿತು. ಆ ಸಂತ್ರಸ್ತರಲ್ಲಿ ಅನೇಕರಿಗೆ ಭೂಮಿಯ ಹಕ್ಕುಪತ್ರ ದೊರೆಯದೆ ದಶಕಗಳೇ ಕಳೆದುವೆಂಬುದು ಅಧಿಕಾರಿವರ್ಗಕ್ಕೆ ತಿಳಿಯದ ಸಂಗತಿಯಲ್ಲ.

ಸರ್ ಎಂ. ಅವರು 1962 ರ ಏಪ್ರಿಲ್ 14 ರಂದು ಶತಾಯುಷಿಗಳಾಗಿ ಕಾಲವಾದರು; ಮುಳುಗಡೆಯನ್ನು ಅವರು ಕಾಣಲಿಲ್ಲ. ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು. 2023 ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರವು ಅದನ್ನು ಮುಚ್ಚುವ ನಿರ್ಣಯಕ್ಕೆ ಬಂದಾಗ ಗುತ್ತಿಗೆಯ ಕೂಲಿಕಾರರು ಬಾಗಿಲಲ್ಲಿ ಧರಣಿ ಕುಳಿತರು. ಅದೇ ವರ್ಷ ಆಗಸ್ಟಿನಲ್ಲಿ ಕೆಲವು ಯಂತ್ರಗಳು ಮತ್ತೆ ತಿರುಗಿದವು. ಹೊಸ ಬಂಡವಾಳದ ಪ್ರಶ್ನೆಯನ್ನು ದೆಹಲಿಯು ನಿರ್ಧರಿಸಬೇಕಾಗಿದೆ.