ಕಲ್ಲಿಗೆ ಬಾಗಲು ಬರುವುದಿಲ್ಲ

ಮಕ್ಕಳೇ, ಈ ಬೇಸಿಗೆ ರಜೆಗೆ ನಿಮ್ಮಲ್ಲಿ ಹಲವರು ಅಜ್ಜಿ-ತಾತನ ಊರಿಗೆ ಹೊರಟಿದ್ದೀರಿ. ಮೈಸೂರಿನ ಕಡೆ ಹೋಗುವವರನ್ನು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟಕ್ಕೆ ಯಾರಾದರೂ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಇನ್ನೊಂದು ಅರ್ಧ ದಿನ ಸೋಮನಾಥಪುರಕ್ಕೆ ಬೇಕೆಂದು ಹಟ ಹಿಡಿಯಿರಿ. ಮೈಸೂರಿನಿಂದ ಸುಮಾರು 35 ಕಿ.ಮೀ. ದೂರ, ಕಾವೇರಿಯ ಬದಿಯ ಚಿಕ್ಕ ಊರು. ಅಲ್ಲಿ ಹೊಯ್ಸಳರ ಕಾಲದ ಕೇಶವ ದೇವಾಲಯವಿದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥ ಎಂಬುವನು ತನ್ನ ಹೆಸರಿನಲ್ಲೇ ಒಂದು ಅಗ್ರಹಾರ ಮಾಡಿ, ಅದರಲ್ಲಿ 1258ರಲ್ಲಿ ಇದನ್ನು ಕಟ್ಟಿಸಿದ. ಬೇಲೂರು, ಹಳೇಬೀಡಿನ ಜೊತೆಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿಗೆ ಹೋದವರೆಲ್ಲ "ಅಬ್ಬಾ, ಏನು ಕೆತ್ತನೆ!" ಎನ್ನುತ್ತಾರೆ. ನಿಜ, ಆದರೆ ನನಗೆ ಅಷ್ಟು ಸಾಲದು. ಕಲ್ಲಿನ ಮೇಲೆ ಕಲ್ಲು ನಿಂತಿದ್ದರಿಂದಲೇ ಕೆತ್ತುವುದಕ್ಕೆ ಗೋಡೆ ಸಿಕ್ಕಿತು. ಆ ನಿಲ್ಲಿಸುವ ಕೆಲಸ ಹೇಗಾಯಿತು, ಅದರ ಭಾಗಗಳಿಗೆ ನಮ್ಮವರು ಏನೇನು ಹೆಸರಿಟ್ಟರು ಎಂದು ತಿಳಿದುಕೊಂಡು ಹೋದರೆ ಗುಡಿ ನಿಮಗೆ ಬೇರೆಯೇ ಕಾಣುತ್ತದೆ.

ಮೊದಲು ಕಲ್ಲಿನ ಸ್ವಭಾವ. ಎರಡು ದಪ್ಪ ಪುಸ್ತಕಗಳನ್ನು ಸ್ವಲ್ಪ ದೂರ ದೂರ ಇಟ್ಟು, ನಡುವೆ ಸೇತುವೆಯ ಹಾಗೆ ಒಂದು ಬಿಸ್ಕತ್ತು ಇಡಿ. ಅದರ ಮಧ್ಯಕ್ಕೆ ಬೆರಳಿನಿಂದ ಒತ್ತಿ. ಅದು ಬಾಗುವುದೇ ಇಲ್ಲ, ಟಪ್ಪೆಂದು ಮುರಿಯುತ್ತದೆ. ಅದೇ ಬಿಸ್ಕತ್ತನ್ನು ಮೇಜಿನ ಮೇಲೆ ಮಲಗಿಸಿ ಒತ್ತಿದರೆ ಸುಲಭಕ್ಕೆ ಜಗ್ಗದು. ಕಲ್ಲೂ ಹಾಗೆಯೇ. ಅದರ ಮೇಲೆ ಎಷ್ಟು ಭಾರ ಹೇರಿದರೂ ಹೊರುತ್ತದೆ, ಬಾಗು ಎಂದರೆ ಒಡೆಯುತ್ತದೆ. ಹೊಯ್ಸಳರ ಶಿಲ್ಪಿಗಳು ಕಮಾನು ಕಟ್ಟುತ್ತಿರಲಿಲ್ಲ. ನೆಟ್ಟಗೆ ಕಂಬ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಕಲ್ಲಿನ ತೊಲೆ ಇಟ್ಟು, ತೊಲೆಗಳ ಮೇಲೆ ಚಪ್ಪಡಿ ಹಾಸುತ್ತಿದ್ದರು. ತೊಲೆ ಉದ್ದವಾದಷ್ಟೂ ಮುರಿಯುವ ಭಯ ಹೆಚ್ಚು. ಹಾಗಾಗಿ ಕಂಬಗಳು ಹತ್ತಿರ ಹತ್ತಿರ ಬರಲೇಬೇಕು. ನಮ್ಮ ಹಳೆಯ ದೇವಾಲಯಗಳ ಒಳಗೆ ಕಾಡಿನಂತೆ ಕಂಬಗಳು ತುಂಬಿರುವುದು ಇದಕ್ಕೇ.

ಕಂಬದ ನೆತ್ತಿಯನ್ನು ನೋಡಿ. ತೊಲೆ ನೇರವಾಗಿ ಕಂಬದ ಮೇಲೆ ಕೂತಿರುವುದಿಲ್ಲ. ನಡುವೆ ಎರಡೂ ಕಡೆಗೆ ಕೈ ಚಾಚಿದ ಒಂದು ಕಲ್ಲು ಇರುತ್ತದೆ. ಅದು ಬೋದಿಗೆ. ಬೋದಿಗೆ ಎಷ್ಟು ಮುಂದೆ ಚಾಚುತ್ತದೋ ತೊಲೆ ಅಷ್ಟು ಕಡಿಮೆ ಅಂತರವನ್ನು ದಾಟಿದರೆ ಸಾಕು. ಊರಿನ ಹಳೆಯ ಮನೆಗಳಲ್ಲಿ ಮರದ ಕಂಬಗಳ ಮೇಲೂ ಬೋದಿಗೆ ಇರುತ್ತದೆ, ತಾತನನ್ನು ಕೇಳಿ ತೋರಿಸಿಕೊಳ್ಳಿ. ಹೀಗೆ ಕಂಬಗಳ ಮತ್ತು ತೊಲೆಗಳ ನಡುವೆ ಸಿಗುವ ಜಾಗಕ್ಕೆ ಅಂಕಣ ಎನ್ನುತ್ತಾರೆ. ಹಳ್ಳಿಗಳಲ್ಲಿ ಮನೆಯ ದೊಡ್ಡತನವನ್ನು ಅಳೆಯುತ್ತಿದ್ದದ್ದೂ ಅಂಕಣದ ಲೆಕ್ಕದಲ್ಲೇ: ಅವರದು ಐದಂಕಣದ ಮನೆ, ಇವರದು ಏಳಂಕಣದ್ದು.

ಈಗ ಗುಡಿಯ ನಡುವೆ ಬನ್ನಿ. ಒಂದು ಚೌಕದ ಒಳಗೆ ನಾಲ್ಕು ಕಂಬ ನಿಲ್ಲಿಸಿದರೆ ಮೇಲಿನ ತೊಲೆಗಳು ಆ ಚೌಕವನ್ನು ಎಷ್ಟು ಅಂಕಣಗಳಾಗಿ ಭಾಗಿಸುತ್ತವೆ? ಕಾಗದದ ಮೇಲೆ ಗೆರೆ ಎಳೆದು ಎಣಿಸಿ, ಒಂಬತ್ತು ಬರುತ್ತದೆ. ಅದೇ ನವರಂಗ. ಅಲ್ಲಿಯ ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸುತ್ತಾ ಉಜ್ಜಿರುವುದರಿಂದ ಅವುಗಳ ಮೈಮೇಲೆ ಬಳೆ ತೊಡಿಸಿದಂತೆ ನಯವಾದ ಉಂಗುರಗಳಿವೆ.

ಅಲ್ಲಿ ನಿಂತು ತಲೆ ಎತ್ತಿ. ಪ್ರತಿ ಅಂಕಣದ ಮೇಲೂ ಆಳವಾಗಿ ಕೊರೆದ ಛಾವಣಿ ಇದೆ. ಇದಕ್ಕೆ ಭುವನೇಶ್ವರಿ ಎಂದು ಹೆಸರು. ನನಗೆ ಇಡೀ ಗುಡಿಯಲ್ಲಿ ಅತಿ ಇಷ್ಟವಾದದ್ದು ಇದೇ. ಚೌಕದ ಅಂಕಣಕ್ಕೆ ಒಂದೇ ದೊಡ್ಡ ಚಪ್ಪಡಿ ಹೊದಿಸಿದರೆ ನಡುವೆ ಮುರಿದೀತು. ಆದ್ದರಿಂದ ಮೊದಲು ನಾಲ್ಕು ಮೂಲೆಗಳಿಗೆ ಅಡ್ಡಡ್ಡ ಕಲ್ಲು ಇಡುತ್ತಾರೆ. ಬಾಯಿ ಸ್ವಲ್ಪ ಕಿರಿದಾಗುತ್ತದೆ. ಅದರ ಮೇಲೆ ಇನ್ನೊಂದು ಸುತ್ತು, ಬಾಯಿ ಮತ್ತೂ ಕಿರಿದು. ಕೊನೆಗೆ ಉಳಿಯುವ ಕಿಂಡಿಗೆ ಒಂದು ಸಣ್ಣ ಕಲ್ಲು ಸಾಕು. ಆ ಕಲ್ಲನ್ನು ತಾವರೆಯಾಗಿಯೋ ಕೆಳಗೆ ಇಳಿಬಿದ್ದ ಬಾಳೆಯ ಮೊಗ್ಗಾಗಿಯೋ ಕೆತ್ತಿದರು. ಮುರಿಯುವ ಭಯದಿಂದ ಹುಟ್ಟಿದ ಉಪಾಯ ಇಷ್ಟು ಚೆಲುವಾಯಿತು! ಒಳಗೆ ಬೆಳಕು ಕಡಿಮೆ, ಒಂದು ಟಾರ್ಚ್ ಇಟ್ಟುಕೊಂಡು ಹೋಗಿ.

ನವರಂಗದಿಂದ ಮೂರು ದಿಕ್ಕಿಗೆ ಮೂರು ಗರ್ಭಗುಡಿಗಳು. ಮೂರಿದ್ದರೆ ತ್ರಿಕೂಟ. ಎದುರಿಗೆ ಪಶ್ಚಿಮದಲ್ಲಿ ಕೇಶವ (ಮೂಲ ವಿಗ್ರಹ ಈಗಿಲ್ಲ), ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ. ಗರ್ಭಗುಡಿಯ ಬಾಗಿಲಿನ ಮುಂದಿನ ಕಿರಿಯ ಕೋಣೆ ಸುಕನಾಸಿ. ಶುಕ ಎಂದರೆ ಗಿಳಿ. ಹೊರಗೆ ಹೋಗಿ ಶಿಖರವನ್ನು ಪಕ್ಕದಿಂದ ನೋಡಿದರೆ, ಆ ಕೋಣೆಯ ಮೇಲಿನ ಭಾಗ ಗಿಳಿಯ ಮೂಗಿನಂತೆ ಮುಂದಕ್ಕೆ ಬಂದಿರುವುದು ಗೊತ್ತಾಗುತ್ತದೆ. ನಿಮ್ಮೂರಿನ ದೇವಸ್ಥಾನದಲ್ಲೂ ಗರ್ಭಗುಡಿ ಇರುತ್ತದೆ, ಮುಂದಿನ ಸಲ ಹೋದಾಗ ಅದರ ಮುಂದೆ ಇಂಥ ಕೋಣೆ ಇದೆಯೇ ಎಂದು ಗಮನಿಸಿ.

ಹೊರಗೆ ನೀವು ನಿಲ್ಲುವ ಎತ್ತರದ ಕಟ್ಟೆಯ ಹೆಸರು ಜಗತಿ. ಅದೂ ಗುಡಿಯ ಗೋಡೆಯ ಆಕಾರವನ್ನೇ ಹಿಡಿದು ಮೂಲೆ ಮೂಲೆಯಾಗಿ ತಿರುಗುತ್ತದೆ. ಈ ನಕ್ಷತ್ರದ ಆಕಾರ ಬಂದದ್ದು ಹೇಗೆಂದು ಮನೆಯಲ್ಲೇ ಮಾಡಿ ನೋಡಬಹುದು. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ ಕಾಗದದ ಮೇಲಿಡಿ. ಸುತ್ತ ಗೆರೆ ಎಳೆಯಿರಿ. ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೆ ಗೆರೆ, ಹೀಗೆ ನಾಲ್ಕು ಸಲ. ಹದಿನಾರು ಮೂಲೆಯ ನಕ್ಷತ್ರ ಸಿಗುತ್ತದೆ. ಸೋಮನಾಥಪುರದ ಮೂರೂ ಗರ್ಭಗುಡಿಗಳ ತಳದ ಆಕಾರ ಇದೇ. ನೇರ ಗೋಡೆಯ ಮೇಲೆ ಬಿಸಿಲು ಒಂದೇ ಸಮನೆ ಬೀಳುತ್ತದೆ. ಇಲ್ಲಿ ಒಂದು ಮುಖ ಹೊಳೆಯುವಾಗ ಪಕ್ಕದ್ದು ನೆರಳಿನಲ್ಲಿರುತ್ತದೆ, ಹೊತ್ತು ಏರಿದಂತೆ ನೆರಳು ಜಾಗ ಬದಲಿಸುತ್ತದೆ.

ಗೋಡೆಯ ಬುಡದಲ್ಲಿ ಪಟ್ಟಿಗಳ ಸಾಲು: ಕೆಳಗೆ ಆನೆ, ಮೇಲೆ ಕುದುರೆ ಸವಾರರು, ಬಳ್ಳಿ, ಕಥೆಯ ಪಟ್ಟಿ, ಮಕರ, ಹಂಸ. ಕಥೆ ಓದಬೇಕಾದರೆ ಪ್ರದಕ್ಷಿಣೆಯಾಗಿಯೇ, ಅಂದರೆ ಗುಡಿ ನಿಮ್ಮ ಬಲಗೈಗೆ ಬರುವಂತೆಯೇ ನಡೆಯಿರಿ. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ನಡುವಿನದರ ಹಿಂದೆ ಕೃಷ್ಣನ ಕಥೆಗಳು, ಉತ್ತರದಲ್ಲಿ ಮಹಾಭಾರತ. ಎದುರು ದಿಕ್ಕಿನಲ್ಲಿ ನಡೆದರೆ ಕಥೆಯೂ ಹಿಂದುಮುಂದಾಗುತ್ತದೆ.

ಇಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ತಾತ ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪವೂ ಇಂಥದ್ದೇ ಮೆತ್ತನೆಯ ಕಲ್ಲು. ನೆಲದಿಂದ ಆಗಷ್ಟೇ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿ ಬಿಸಿಲಿಗೆ ಬರುಬರುತ್ತಾ ಗಟ್ಟಿಯಾಗುತ್ತದೆ. ಹಂಪಿಯ ಗಡಸು ಕಣಶಿಲೆಯಲ್ಲಿ ಇಂಥ ನವುರು ಕೆಲಸ ಬಹಳ ಕಷ್ಟ.

ಇನ್ನು ಕೆತ್ತಿದವರು. ದಂತಕಥೆಯ ಶಿಲ್ಪಿ ಜಕಣಾಚಾರಿಯ ಕಥೆಯನ್ನು ಅಜ್ಜಿ ಹೇಳಿರಬಹುದು. ಕೇಳಲು ಬಲು ಚೆಂದದ ಕಥೆ, ತಪ್ಪದೆ ಕೇಳಿ. ಆದರೆ ಹೊಯ್ಸಳ ಶಿಲ್ಪಿಗಳ ನಿಜವಾದ ಹೆಸರುಗಳು ಕಲ್ಲಿನ ಮೇಲೆಯೇ ಇವೆ, ಅವನ್ನೂ ನೀವು ತಿಳಿಯಬೇಕೆಂದು ನನಗೆ ಬಹಳ ಆಸೆ. ಬೇಲೂರಿನಲ್ಲಿ ಬಳ್ಳಿಗಾವಿಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಕೆಲಸಕ್ಕೆ ಹೆಸರು ಹಾಕಿದ್ದಾರೆ. ಸೋಮನಾಥಪುರದಲ್ಲಿ ಮಸಣಿತಮ್ಮ, ಬಾಲೆಯ, ಚೌಡೆಯ ಮೊದಲಾದವರಿದ್ದಾರೆ. ಎಲ್ಲರಿಗಿಂತ ಹೆಚ್ಚು ಸಲ ಕಾಣುವ ಹೆಸರು ಮಲ್ಲಿತಮ್ಮನದು. 1196ರ ಅಮೃತಾಪುರದ ದೇವಾಲಯದಲ್ಲೂ ಮಲ್ಲಿತಮ್ಮ ಎಂಬ ಹೆಸರಿದೆ. ಸೋಮನಾಥಪುರದಲ್ಲಿ ಅವನು ಕೆಲವು ಕಡೆ ಬರೀ "ಮಲ್ಲಿ" ಎಂದು, ಕೆಲವು ಕಡೆ "ಮ" ಎಂಬ ಒಂದೇ ಅಕ್ಷರ ಬರೆದು ಮುಗಿಸಿದ್ದಾನೆ.

ಈ ಅಕ್ಷರಗಳು ಹೊರಗೋಡೆಯ ದೊಡ್ಡ ವಿಗ್ರಹಗಳ ಪೀಠದ ಮೇಲೆ ಇರುತ್ತವೆ. ಹಳಗನ್ನಡದ ಲಿಪಿಯಾದರೂ ನಮ್ಮ ಅಕ್ಷರಗಳಿಗೆ ದೂರವಲ್ಲ. ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತವರು ನಿಧಾನವಾಗಿ ನೋಡಿದರೆ ಗುರುತು ಹಿಡಿಯಬಹುದು. ಮುಟ್ಟಬೇಡಿ, ಸೀಮೆಸುಣ್ಣ ತೀಡಬೇಡಿ, ಅಪ್ಪ-ಅಮ್ಮನ ಫೋನಿನಲ್ಲಿ ಚಿತ್ರ ತೆಗೆಯಿರಿ. ಮಲ್ಲಿತಮ್ಮನ ಹೆಸರು ಯಾರಿಗೆ ಸಿಕ್ಕಿದರೂ ಆ ಚಿತ್ರವನ್ನು ನಮ್ಮ ಕನ್ನಡ ಕೂಟಕ್ಕೆ ಕಳಿಸಿ, ಯಾವ ವಿಗ್ರಹದ ಕೆಳಗೆ ಸಿಕ್ಕಿತು ಎಂದೂ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಕೂಟದ ಪತ್ರಿಕೆಯ ದೀಪಾವಳಿ ಸಂಚಿಕೆಯಲ್ಲಿ ಎಲ್ಲವನ್ನೂ ನಿಮ್ಮ ಹೆಸರಿನೊಂದಿಗೆ ಹಾಕೋಣ.