ಟೊಯೊಟಾ ಕಾರಿನ ಜನಕ ಕಿಯಿಚಿರೋ ಟೊಯೊಡಾ

ನಮ್ಮ ನಗರದ ಬೀದಿಗಳಲ್ಲಿ ದಿನವೂ ಓಡಾಡುವ ಮೋಟಾರು ಗಾಡಿಗಳ ಪೈಕಿ ಕೆಲವುಗಳ ಮುಂಭಾಗದಲ್ಲಿ ಮೂರು ಅಂಡಾಕಾರದ ಬಳೆಗಳು ಒಂದರೊಳಗೊಂದು ಹೆಣೆದುಕೊಂಡಂತಹ ಗುರುತನ್ನು ವಿದ್ಯಾರ್ಥಿಗಳು ನೋಡಿರಬಹುದು. ಅದು ಜಪಾನ್ ದೇಶದ ಟೊಯೊಟಾ ಕಾರಖಾನೆಯ ಮುದ್ರೆ. ರಜೆಯಲ್ಲಿ ಊರಿಗೆ ಹೋಗಲೆಂದು ಬಾಡಿಗೆಯ ಗಾಡಿಯನ್ನು ಗೊತ್ತುಮಾಡುವಾಗ, ಇನ್ನೋವಾ ದೊರೆಯುವುದೋ ನೋಡಿರಿ ಎಂದು ಮನೆಯ ಹಿರಿಯರು ಹೇಳುವುದುಂಟು. ಘಟ್ಟದ ದಾರಿಯಲ್ಲಿ ನಡುರಾತ್ರಿ ಕೈಕೊಡುವುದಿಲ್ಲ, ವರ್ಷಗಟ್ಟಲೆ ಓಡಿದರೂ ಹಟಮಾಡುವುದಿಲ್ಲ, ಕೊನೆಗೆ ಮಾರಹೊರಟರೂ ಒಳ್ಳೆಯ ಬೆಲೆ ಬರುತ್ತದೆ ಎಂಬುದು ಅದರ ಒಡೆಯರ ನಂಬಿಕೆ. ಆ ಗಾಡಿಯ ಚೆಲುವಿಗಿಂತ ಈ ನಂಬಿಕೆಗೇ ಜನರು ಹಣ ಕೊಡುತ್ತಾರೆಂದರೂ ಸಲ್ಲುವುದು.

ಆದರೆ ಈ ಹೆಸರಿನ ಮೊದಲ ಗಾಡಿಗಳು ದಾರಿಯ ನಡುವೆ ಮುರಿದು ನಿಲ್ಲುತ್ತಿದ್ದುವು ಎಂದರೆ ನಿಮಗೆ ಸೋಜಿಗವಾಗಬಹುದು. ಅವುಗಳನ್ನು ನಿರ್ಮಿಸಿದವನು ಕಿಯಿಚಿರೋ ಟೊಯೊಡಾ. ತಾನು ನೆಟ್ಟ ಗಿಡವು ಮರವಾದುದನ್ನು ನೋಡುವ ಭಾಗ್ಯವು ಅವನಿಗೆ ದೊರೆಯಲಿಲ್ಲ. ಅವನ ಬಾಳಿನ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆನು.

ಕಿಯಿಚಿರೋ ಹುಟ್ಟಿದುದು 1894ನೆಯ ಇಸವಿ ಜೂನ್ 11ರಂದು, ಈಗ ಕೊಸಾಯಿ ಎನಿಸಿಕೊಳ್ಳುವ ಊರಿಗೆ ಸೇರಿದ ಒಂದು ಹಳ್ಳಿಯಲ್ಲಿ. ಅವನ ತಂದೆ ಸಾಕಿಚಿ ಬಡಗಿಯ ಮಗ. ಸಾಕಿಚಿಗೆ ಮಗ್ಗದ ಹುಚ್ಚು. ಹಳ್ಳಿಯ ಹೆಂಗಸರು ಹಗಲಿರುಳು ಕೈಮಗ್ಗದ ಮುಂದೆ ಬೆನ್ನು ಬಾಗಿಸಿ ದುಡಿಯುವುದನ್ನು ಕಂಡು, ಆ ಶ್ರಮವನ್ನು ಹಗುರಮಾಡಬೇಕೆಂದು ಅವನು ಪಣತೊಟ್ಟಿದ್ದನು. ಮನೆಮಠಗಳ ಪರಿವೆಯಿಲ್ಲದ ಈ ಗಂಡನೊಡನೆ ಬಾಳಲಾರದೆ ಕಿಯಿಚಿರೋವಿನ ತಾಯಿಯು ಹಸುಗೂಸನ್ನು ಬಿಟ್ಟು ತವರಿಗೆ ಹೋದಳು. ಮಗುವು ಕೆಲವು ವರ್ಷ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆಯಿತು. ಆ ಬಳಿಕ ತಂದೆಯ ಮನೆಯನ್ನೂ ಮಲತಾಯಿಯ ಆರೈಕೆಯನ್ನೂ ಕಂಡಿತು. ಹೀಗೆ ಮಾತು ಕಡಮೆಯಾದ ಹುಡುಗನೊಬ್ಬನು ಮಗ್ಗಗಳ ಸದ್ದಿನ ನಡುವೆ ದೊಡ್ಡವನಾದನು.

ಸಾಕಿಚಿಯ ಮಗ್ಗದ ಮರ್ಮವನ್ನು ಇಲ್ಲಿ ತಿಳಿದುಕೊಳ್ಳುವುದು ಅವಶ್ಯ. ಏಕೆಂದರೆ ಮುಂದಿನ ಕಥೆಗೆಲ್ಲ ಅದೇ ಬೀಜ. ನೆಯ್ಗೆಯಲ್ಲಿ ಹಾಸಿನ ಒಂದೆಳೆ ಕಡಿದರೂ ಮಗ್ಗವು ತನ್ನ ಪಾಡಿಗೆ ತಾನು ನಡೆಯುತ್ತಲೇ ಇದ್ದರೆ, ಗಜಗಟ್ಟಲೆ ಬಟ್ಟೆ ಕೆಟ್ಟುಹೋಗುವುದು. ಅದನ್ನು ತಡೆಯಲು ಒಂದೊಂದು ಮಗ್ಗಕ್ಕೂ ಒಬ್ಬೊಬ್ಬರು ಕಾವಲಿರಬೇಕು. ಸಾಕಿಚಿಯು ಎಳೆ ಕಡಿದೊಡನೆ ತಾನಾಗಿಯೇ ನಿಂತುಬಿಡುವ ಮಗ್ಗವನ್ನು ರಚಿಸಿದನು. ತಪ್ಪಾದೊಡನೆ ನಿಲ್ಲು, ತಪ್ಪನ್ನು ತಿದ್ದು, ಆಮೇಲೆ ನಡೆ: ಇದು ಆ ಯಂತ್ರದ ನೀತಿ. ಕಿಯಿಚಿರೋ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ಕಲಿತು 1920ರಲ್ಲಿ ಪದವೀಧರನಾದನು. ಮರುವರ್ಷ ತಂದೆಯ ಉದ್ಯಮವನ್ನು ಸೇರಿದನು. ತಂದೆಯ ಕೈಚಳಕ, ಮಗನ ಶಾಸ್ತ್ರಜ್ಞಾನ ಎರಡೂ ಕೂಡಿ 1924ರಲ್ಲಿ ಹೆಸರಾಂತ ಸ್ವಯಂಚಾಲಿತ ಮಗ್ಗವು ಸಿದ್ಧವಾಯಿತು. ಓಟವನ್ನು ತಗ್ಗಿಸದೆಯೇ ಅದು ಲಾಳಿಯನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಒಬ್ಬ ಕೆಲಸಗಾರನು ಮೂವತ್ತು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. 1926ರಲ್ಲಿ ಕಾರಿಯಾ ಎಂಬಲ್ಲಿ ಮಗ್ಗದ ಕಾರಖಾನೆಯನ್ನು ಸ್ಥಾಪಿಸಿದರು. ನೂಲುವ ನೆಯ್ಯುವ ಯಂತ್ರಗಳಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಇಂಗ್ಲೆಂಡಿನ ಪ್ಲ್ಯಾಟ್ ಸಂಸ್ಥೆಯು 1929ರಲ್ಲಿ ಈ ಮಗ್ಗದ ಹಕ್ಕುಗಳಿಗಾಗಿ ಒಂದು ಲಕ್ಷ ಪೌಂಡುಗಳ ಒಪ್ಪಂದವನ್ನು ಮಾಡಿಕೊಂಡಿತು. ಶಿಷ್ಯನಿಂದ ಗುರುವು ಪಾಠ ಹೇಳಿಸಿಕೊಂಡಂತಾಯಿತು.

ಇಷ್ಟು ಕೀರ್ತಿ ಬಂದ ಮೇಲೆ ಮಗ್ಗಗಳನ್ನೇ ಮಾಡುತ್ತ ಸುಖವಾಗಿರಬಹುದಾಗಿತ್ತು. ಆದರೆ ಕಿಯಿಚಿರೋವಿನ ಮನಸ್ಸು ಬೇರೆಡೆಗೆ ಹರಿದಿತ್ತು. 1923ರ ಸೆಪ್ಟೆಂಬರಿನಲ್ಲಿ ಘೋರವಾದ ಭೂಕಂಪವು ಟೋಕಿಯೋ ನಗರವನ್ನು ನೆಲಸಮಮಾಡಿತು. ಟ್ರಾಮಿನ ಹಳಿಗಳು ಹಾಳಾದುವು. ಆಗ ನಗರಸಭೆಯು ಅಮೆರಿಕದಿಂದ ಸುಮಾರು 800 ಫೋರ್ಡ್ ಗಾಡಿಗಳನ್ನು ತರಿಸಿ ಬಸ್ಸುಗಳನ್ನಾಗಿ ಓಡಿಸಿತು. ಮೋಟಾರಿನ ಉಪಯೋಗವು ಜನರಿಗೆ ಮನದಟ್ಟಾಯಿತು. ಅದನ್ನು ಕಂಡು ಫೋರ್ಡ್ ಸಂಸ್ಥೆಯು 1925ರಲ್ಲಿ ಯೋಕೋಹಾಮಾದಲ್ಲಿಯೂ, ಜನರಲ್ ಮೋಟಾರ್ಸ್ ಸಂಸ್ಥೆಯು 1927ರಲ್ಲಿ ಓಸಾಕಾದಲ್ಲಿಯೂ ಕಾರಖಾನೆಗಳನ್ನು ತೆರೆದುವು. ಬಿಡಿಭಾಗಗಳು ಅಮೆರಿಕದಿಂದ ಬರುವುವು. ಜಪಾನೀಯರು ಜೋಡಿಸುವರು, ಅಷ್ಟೆ. ನಮ್ಮ ದೇಶದ ರಸ್ತೆಯಲ್ಲಿ ನಮ್ಮ ಜನರು ಮಾಡಿದ ಗಾಡಿಯು ಏಕೆ ಓಡಬಾರದು ಎಂಬ ಪ್ರಶ್ನೆಯು ಕಿಯಿಚಿರೋವನ್ನು ಕಾಡತೊಡಗಿತು. 1930ರ ಅಕ್ಟೋಬರ್ 30ರಂದು ಸಾಕಿಚಿಯು ತೀರಿಕೊಂಡನು. ತಾನು ಮಗ್ಗದಿಂದ ದೇಶಸೇವೆ ಮಾಡಿದಂತೆ ಮಗನು ಮೋಟಾರಿನಿಂದ ಮಾಡಲಿ ಎಂಬುದು ಅವನ ಆಸೆಯಾಗಿತ್ತೆಂದು ಆ ಮನೆತನದಲ್ಲಿ ಹೇಳುತ್ತಾರೆ.

ಉದ್ಯಮದ ಅಧ್ಯಕ್ಷನಾಗಿದ್ದವನು ಕಿಯಿಚಿರೋವಿನ ತಂಗಿಯ ಗಂಡ ರಿಸಾಬುರೋ. ಕಾರಿನ ಕೆಲಸವೆಂದರೆ ಹಣವನ್ನು ನೀರಿನಂತೆ ಸುರಿಯುವುದೆಂದು ಅವನಿಗೆ ಅಂಜಿಕೆ. ಕಡೆಗೂ 1933ರ ಸೆಪ್ಟೆಂಬರಿನಲ್ಲಿ ಮಗ್ಗದ ಕಾರಖಾನೆಯಲ್ಲಿಯೇ ಮೋಟಾರು ವಿಭಾಗವನ್ನು ತೆರೆಯಲು ಸಮ್ಮತಿ ದೊರೆಯಿತು. ಕಿಯಿಚಿರೋ ಅಮೆರಿಕದ ಷೆವ್ರೊಲೆ ಗಾಡಿಯೊಂದನ್ನು ಕೊಂಡುತಂದು, ಮೊಳೆ ಮೊಳೆಯನ್ನೂ ಬಿಚ್ಚಿ, ಒಂದೊಂದರ ಚಿತ್ರವನ್ನೂ ಬರೆಯಿಸಿದನು. ಬಿಚ್ಚುವುದು ಸುಲಭ, ಮಾಡುವುದು ಕಷ್ಟ. ಮಗ್ಗದ ಭಾಗಗಳನ್ನು ಎರಕಹೊಯ್ದು ಪಳಗಿದ ಕೈಗಳೂ ಇಂಜಿನಿನ ಸಿಲಿಂಡರುಗಳ ಒಡಲನ್ನು ಎರಕಹೊಯ್ಯುವಾಗ ಸೋತುವು. ಎರಕದಲ್ಲಿ ತೂತುಗಳು ಬೀಳುತ್ತಿದ್ದುವು. ನೂರಾರು ಎರಕಗಳನ್ನು ಒಡೆದು ಮತ್ತೆ ಕುಲುಮೆಗೆ ಹಾಕಬೇಕಾಯಿತು. 1934ರಲ್ಲಿ ಮೊದಲ ಇಂಜಿನು ಉಸಿರಾಡಿತು. ಆದರೆ ಅದರ ಬಲವು ಷೆವ್ರೊಲೆಯ ಬಲಕ್ಕಿಂತ ಕಡಮೆ. ಮತ್ತೆ ತಿದ್ದಿ, ಮತ್ತೆ ಎರಕಹೊಯ್ದು, ಅದನ್ನು ಮೀರಿಸಿದರು. 1935ರ ಮೇ ತಿಂಗಳಲ್ಲಿ ಮೊದಲ ಕಾರು ರೂಪುಗೊಂಡಿತು.

ಅದೇ ವರ್ಷ ನವೆಂಬರಿನಲ್ಲಿ ಟೋಕಿಯೋದಲ್ಲಿ ಸಾರ್ವಜನಿಕರಿಗೆ ಲಾರಿಯನ್ನು ತೋರಿಸುವುದೆಂದು ಗೊತ್ತಾಯಿತು. ಕಾರಿಯಾದಿಂದ ಹೊರಟ ಲಾರಿಯು ದಾರಿಯಲ್ಲೇ ಮುರಿದು ನಿಂತಿತು; ದುರಸ್ತಿಮಾಡಿಕೊಂಡು ಹೇಗೋ ತಲಪಿಸಿದರು. ಮಾರಿದ ಲಾರಿಗಳ ಗತಿಯೂ ಇದೇ. ಹಿಂದಿನ ಗಾಲಿಗಳ ಅಚ್ಚಿನ ಕವಚವು ಸೀಳಿಹೋಗುತ್ತಿತ್ತು. ಊರಿಂದೂರಿಗೆ ದೂರುಗಳು ಬಂದುವು. ಈಗಲೇ ಅವನ ಗುಣದ ಪರೀಕ್ಷೆಯಾದುದು. ಕಿಯಿಚಿರೋ ದೂರಿದವರ ಮೇಲೆ ಸಿಟ್ಟಾಗಲಿಲ್ಲ. ತಪ್ಪನ್ನು ಚಾಲಕನ ತಲೆಗೆ ಕಟ್ಟಲಿಲ್ಲ. ಲಾರಿಯು ಎಲ್ಲಿ ನಿಂತಿತೋ ಅಲ್ಲಿಗೆ ಜನರನ್ನು ಕಳುಹಿದನು, ತಾನೂ ಹೋದನು. ಪಟ್ಟಣದ ಬಟ್ಟೆಯಲ್ಲಿಯೇ ಗಾಡಿಯ ಅಡಿಗೆ ನುಸುಳಿ, ಎಣ್ಣೆಮಸಿಯ ಕೈಯಿಂದ ಮುರಿದ ಭಾಗವನ್ನು ಮುಟ್ಟಿನೋಡಿದನು. ಮುರಿದುದನ್ನು ಕಾರಖಾನೆಗೆ ತಂದು, ಏಕೆ ಮುರಿಯಿತೆಂದು ಕೇಳಿ, ಆ ಭಾಗವನ್ನು ಹೊಸದಾಗಿ ರಚಿಸಿದರು. ಕೊಂಡವರಿಗೆ ಅಸಂತೋಷವಾಗದಂತೆ ಮಾರಾಟದ ಹೊಣೆಯನ್ನು ಹೊತ್ತವನು ಶೋತಾರೋ ಕಾಮಿಯಾ. ಜನರಲ್ ಮೋಟಾರ್ಸಿನ ನೌಕರಿಯನ್ನು ಬಿಟ್ಟು ಬಂದ ಇವನು ಕೊಳ್ಳುವವನ ಹಿತವೇ ಮೊದಲೆಂದು ನಂಬಿದವನು. ಟೊಯೊಟಾದ ಒಡೆಯರಿಗೆ ತಮ್ಮ ಗಾಡಿಯ ಮೇಲಿರುವ ಭರವಸೆಯು ಮೊಳೆತುದು ಈ ಕೆಟ್ಟುನಿಂತ ಲಾರಿಗಳ ಅಡಿಯಲ್ಲಿಯೇ.

1936ರಲ್ಲಿ ಹೊಸ ಮುದ್ರೆಗಾಗಿ ಸಾರ್ವಜನಿಕರ ಸ್ಪರ್ಧೆ ನಡೆಯಿತು. ಸುಮಾರು 27,000 ಮಂದಿ ಚಿತ್ರಗಳನ್ನು ಕಳುಹಿದರು. ಟೊಯೊಡಾ ಎಂಬ ಮನೆತನದ ಹೆಸರು ಆಗ ಟೊಯೊಟಾ ಎಂದಾಯಿತು. ಜಪಾನೀ ಲಿಪಿಯಲ್ಲಿ ಅದನ್ನು ಬರೆಯಲು ಎಂಟೇ ಗೆರೆಗಳು ಸಾಕು. ಎಂಟು ಅವರಿಗೆ ಶುಭಸಂಖ್ಯೆ. 1937ರ ಆಗಸ್ಟ್ 28ರಂದು ಮೋಟಾರು ಸಂಸ್ಥೆಯು ಮಗ್ಗದ ಕಾರಖಾನೆಯಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಮರುವರ್ಷ ಕೊರೋಮೋ ಎಂಬ ಊರಿನ ಕುರುಚಲು ಬಯಲಿನಲ್ಲಿ ಹೊಸ ಕಾರಖಾನೆಯನ್ನು ಎಬ್ಬಿಸಿದರು. ಬೇಕಾದ ವಸ್ತುವು ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು. ಉಗ್ರಾಣದಲ್ಲಿ ರಾಶಿ ಬೀಳಬಾರದು ಎಂಬ ಪದ್ಧತಿಯನ್ನು ಕಿಯಿಚಿರೋ ಅಲ್ಲಿ ಹಾಕಿಕೊಟ್ಟನು. ಅಡುಗೆಗೆ ಬೇಕಾದಷ್ಟನ್ನೇ ಆಯಾ ದಿನ ಕೊಳ್ಳುವ ಜಾಣ ಗೃಹಿಣಿಯ ಲೆಕ್ಕಾಚಾರವಿದು. ಇದರಿಂದ ಹಣವು ಸಿಕ್ಕಿಕೊಳ್ಳುವುದಿಲ್ಲ. ಕೆಟ್ಟ ಭಾಗವು ಬಂದರೆ ಅಡಗಿ ಕೂರಲು ಅದಕ್ಕೆ ರಾಶಿಯ ಮರೆಯೂ ಇರುವುದಿಲ್ಲ.

ಅಷ್ಟರಲ್ಲಿ ಯುದ್ಧವು ಬಂದಿತು. 1941ರಲ್ಲಿ ಕಿಯಿಚಿರೋ ಅಧ್ಯಕ್ಷನಾದರೂ ಕಾರುಗಳನ್ನು ಮಾಡುವ ಕನಸು ಮೂಲೆಗೆ ಬಿದ್ದಿತು. ಸೈನ್ಯಕ್ಕೆ ಲಾರಿಗಳನ್ನೇ ಮಾಡಬೇಕಾಯಿತು. 1945ರ ಆಗಸ್ಟ್ 14ರಂದು, ಜಪಾನ್ ಶರಣಾಗತವಾದುದನ್ನು ಜನರು ಕೇಳುವ ಮುನ್ನಾದಿನ, ಕೊರೋಮೋ ಕಾರಖಾನೆಯ ಕಾಲುಭಾಗವು ಬಾಂಬಿಗೆ ಆಹುತಿಯಾಯಿತು. ದೇಶದಲ್ಲಿ ತಿನ್ನಲು ಅನ್ನವಿಲ್ಲ, ಉಡಲು ಬಟ್ಟೆಯಿಲ್ಲ. ತನ್ನನ್ನು ನಂಬಿದ ಕೆಲಸಗಾರರ ಹೊಟ್ಟೆಪಾಡಿಗೆ ಏನು ದಾರಿಯೆಂದು ಕಿಯಿಚಿರೋ ನಾನಾ ಉದ್ಯೋಗಗಳನ್ನು ಆಲೋಚಿಸಿದನು. ಯಂತ್ರಶಾಸ್ತ್ರವನ್ನು ಓದಿದ ಮಗ ಶೋಯಿಚಿರೋವನ್ನು ಉತ್ತರದ ಹೊಕ್ಕೈಡೋ ದ್ವೀಪಕ್ಕೆ ಮೀನಿನ ತಿನಿಸನ್ನು ಮಾಡುವ ಕೆಲಸಕ್ಕೂ ಕಳುಹಿದನು. ಜೊತೆಯಲ್ಲಿಯೇ ಸಣ್ಣ ಕಾರಿನ ರಚನೆಯನ್ನು ಮುಂದುವರಿಸಿ 1947ರಲ್ಲಿ ಅದನ್ನು ಹೊರತಂದನು.

ಆದರೆ 1949ರಲ್ಲಿ ಬೆಲೆಯೇರಿಕೆಯನ್ನು ತಡೆಯಲು ಸರ್ಕಾರವು ಹಣದ ಹರಿವನ್ನು ಬಿಗಿಹಿಡಿಯಿತು. ಕಂತಿನ ಮೇಲೆ ಲಾರಿಗಳನ್ನು ಕೊಂಡವರು ಕಂತು ಕಟ್ಟಲಾರದೆ ಹೋದರು. ಸಂಬಳ ಕೊಡಲು ಹಣವಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಕಾರ್ಮಿಕರ ಸಂಘವು ನೂರಕ್ಕೆ ಹತ್ತರಷ್ಟು ಕಡಮೆ ಸಂಬಳಕ್ಕೆ ಒಪ್ಪಿತು. ಅದಕ್ಕೆ ಪ್ರತಿಯಾಗಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಸಂಸ್ಥೆಯು ಮಾತುಕೊಟ್ಟಿತು. ಸಾಲ ಕೊಟ್ಟ ಬ್ಯಾಂಕುಗಳಾದರೋ ಆಳುಗಳನ್ನು ಇಳಿಸಲೇಬೇಕೆಂದು ಪಟ್ಟುಹಿಡಿದುವು. 1950ರ ಏಪ್ರಿಲಿನಲ್ಲಿ 1,600 ಮಂದಿಯು ಕೆಲಸ ಬಿಡಬೇಕೆಂಬ ಸೂಚನೆಯು ಹೊರಬಿದ್ದಿತು. ಮುಷ್ಕರವು ಭುಗಿಲೆದ್ದಿತು. ನಮ್ಮ ನಗರದ ಗಿರಣಿಗಳ ಕಥೆಯನ್ನು ಮನೆಯಲ್ಲಿ ಕೇಳಿದ ಮಕ್ಕಳಿಗೆ ಆ ದಿನಗಳ ಸಂಕಟವನ್ನು ವಿವರಿಸಬೇಕಾಗಿಲ್ಲ.

ಕಿಯಿಚಿರೋವಿನ ಮುಂದೆ ಎರಡು ದಾರಿಗಳಿದ್ದುವು. ಕೆಟ್ಟ ಕಾಲದ ಮೇಲೆ ತಪ್ಪನ್ನು ಹೊರಿಸಿ ತಾನು ಪೀಠದಲ್ಲಿ ಉಳಿಯುವುದು ಒಂದು. ಕೊಟ್ಟ ಮಾತು ಮುರಿದುದಕ್ಕೆ ತಾನೇ ಹೊಣೆಯೆಂದು ಒಪ್ಪುವುದು ಇನ್ನೊಂದು. ಅವನು ಎರಡನೆಯದನ್ನು ಆರಿಸಿದನು. 1950ರ ಜೂನ್ 5ರಂದು, ತಾನೇ ಹುಟ್ಟಿಸಿದ ಸಂಸ್ಥೆಯ ಅಧ್ಯಕ್ಷಪದವನ್ನು ತ್ಯಜಿಸಿದನು. ಅದಾದ ಕೆಲವೇ ದಿನಗಳಲ್ಲಿ ಮುಷ್ಕರವು ಮುಗಿಯಿತು. ಸುಮಾರು 2,000 ಮಂದಿ ಕೆಲಸವನ್ನು ಕಳೆದುಕೊಂಡರೆಂಬುದನ್ನು ಮರೆಯಬಾರದು. ಅಧ್ಯಕ್ಷನ ತ್ಯಾಗದಿಂದ ಅವರ ಮನೆಯ ಒಲೆ ಉರಿಯಲಿಲ್ಲ. ಆದರೂ ಕೆಳಗಿನವರು ನಷ್ಟಪಡುವಾಗ ಮೇಲಿನವನು ಹಾಯಾಗಿರಲಿಲ್ಲವೆಂಬುದನ್ನು ಉಳಿದವರು ಕಂಡರು.

ವಿಧಿಯ ಆಟವನ್ನು ನೋಡಿರಿ. ಅದೇ ಜೂನ್ 25ರಂದು ಕೊರಿಯಾದಲ್ಲಿ ಯುದ್ಧವು ಆರಂಭವಾಯಿತು. ಅಮೆರಿಕದ ಸೈನ್ಯವು ಟೊಯೊಟಾ ಲಾರಿಗಳನ್ನು ಸಾವಿರದ ಲೆಕ್ಕದಲ್ಲಿ ಕೊಂಡಿತು. ಮೂರು ವಾರಗಳ ಅಂತರದಲ್ಲಿ ಸಂಸ್ಥೆಯ ದೆಸೆಯೇ ತಿರುಗಿತು. ಕಿಯಿಚಿರೋವಿನ ಸ್ಥಾನಕ್ಕೆ ಬಂದ ತೈಸೋ ಇಷಿದಾ ಎಂಬ ಮಗ್ಗದ ಕಾರಖಾನೆಯ ಹಿರಿಯನು, ಸಂಸ್ಥೆಯು ಚೇತರಿಸಿದೊಡನೆ ಅವನನ್ನು ಹಿಂದಕ್ಕೆ ಕರೆದನು. 1952ರಲ್ಲಿ ಅವನು ಒಪ್ಪಿಕೊಂಡನು. ಆದರೆ ಬಹುಕಾಲದಿಂದ ರಕ್ತದ ಒತ್ತಡದಿಂದ ನರಳುತ್ತಿದ್ದ ಅವನು, ಪೀಠವನ್ನು ಮತ್ತೆ ಏರುವ ಮೊದಲೇ, ಮಾರ್ಚ್ 27ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಮಡಿದನು. ಆಗ ಅವನಿಗೆ ಐವತ್ತೇಳು ವರ್ಷ.

ಅವನು ಕಾಣದೆಹೋದುದನ್ನು ನಾವು ಕಂಡಿದ್ದೇವೆ. 1955ರಲ್ಲಿ ಕ್ರೌನ್ ಎಂಬ ಕಾರು ಹೊರಬಂದಿತು. 1957ರಲ್ಲಿ ಅದು ಅಮೆರಿಕಕ್ಕೆ ಹೋಗಿ, ಅಲ್ಲಿನ ಹೆದ್ದಾರಿಗಳ ವೇಗಕ್ಕೆ ಏದುಸಿರು ಬಿಟ್ಟು ಸೋತಿತು. ಸೋಲಿನಿಂದ ಕಲಿತು 1966ರಲ್ಲಿ ಹೊರತಂದ ಕೊರೊಲಾ ಐದು ಕೋಟಿಗೂ ಮಿಕ್ಕಿ ಮಾರಾಟವಾಗಿದೆ. ಕಿಯಿಚಿರೋ ಹಾಕಿದ ಪದ್ಧತಿಯನ್ನು ತೈಯಿಚಿ ಓನೋ ಎಂಬವನು ಬೆಳೆಸಿದನು. ತಪ್ಪನ್ನು ಕಂಡ ಯಾವ ಕೆಲಸಗಾರನಾದರೂ ಹಗ್ಗವನ್ನೆಳೆದು ಇಡೀ ಸಾಲನ್ನೇ ನಿಲ್ಲಿಸಬಹುದು ಎಂಬ ನಿಯಮವು ಬಂದಿತು. ಎಳೆ ಕಡಿದರೆ ನಿಲ್ಲುವ ಸಾಕಿಚಿಯ ಮಗ್ಗವೇ ಕಾರಖಾನೆಯ ರೂಪವನ್ನು ತಾಳಿತೆನ್ನಬೇಕು. ಕೊರೋಮೋ ಊರಿಗೆ 1959ರಲ್ಲಿ ಟೊಯೊಟಾ ಎಂದೇ ಹೆಸರಿಟ್ಟರು.

ನಮ್ಮ ಕನ್ನಡನಾಡಿಗೂ ಈ ಕಥೆಯ ನಂಟುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಪರಂಪರೆಯೊಡನೆ ಕೈಗೂಡಿಸಿ ಟೊಯೊಟಾ 1997ರಲ್ಲಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ನೆಲೆಯೂರಿತು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಅಲ್ಲಿಂದ ಹೊರಟುವು. ನೀವು ಊರಿಗೆ ಹೋಗುವ ಗಾಡಿಯೂ ಕನ್ನಡದ ಕೈಗಳು ಜೋಡಿಸಿದ್ದಾಗಿರಬಹುದು.

ಹಾಗೆಂದು ಆ ಸಂಸ್ಥೆಯು ಎಂದೂ ಎಡವಲಿಲ್ಲವೆಂದಲ್ಲ. 2009 ಮತ್ತು 2010ರಲ್ಲಿ ವೇಗದ ಪೆಡಲಿನ ದೋಷಗಳಿಗಾಗಿ ಲಕ್ಷಾಂತರ ಗಾಡಿಗಳನ್ನು ಹಿಂದಕ್ಕೆ ಕರೆಯಿಸಿಕೊಳ್ಳಬೇಕಾಯಿತು. ಬೆಳೆಯುವ ಆತುರದಲ್ಲಿ ಹಳೆಯ ನೀತಿಯು ಮಸುಕಾಗಿತ್ತು. ಆಗ ಅಧ್ಯಕ್ಷನಾಗಿದ್ದ ಅಕಿಯೋ ಟೊಯೊಡಾ ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಹಾಜರಾಗಿ, ಹೊಣೆಯನ್ನೊಪ್ಪಿ ಕ್ಷಮೆ ಬೇಡಿದನು. ಅವನು ಕಿಯಿಚಿರೋವಿನ ಮೊಮ್ಮಗ.

ವಿದ್ಯಾರ್ಥಿಗಳೇ, ಲೆಕ್ಕದ ನಡುವೆ ಒಂದು ಅಂಕಿ ತಪ್ಪಿದುದು ಗೊತ್ತಾದಾಗ, ಉತ್ತರವನ್ನು ನೆರೆಯವನ ಹಾಳೆಯಿಂದ ನೋಡಿ ಹೊಂದಿಸಿಬಿಡುವ ಆಸೆ ಯಾರಿಗೂ ಹುಟ್ಟಬಹುದು. ಆ ಗಳಿಗೆಯಲ್ಲಿ ಸಾಕಿಚಿಯ ಮಗ್ಗವನ್ನೂ, ಲಾರಿಯ ಅಡಿಗೆ ನುಸುಳಿದ ಅವನ ಮಗನನ್ನೂ ನೆನೆಯಿರಿ. ನಿಲ್ಲಿರಿ, ಎಳೆ ಕಡಿದುದೆಲ್ಲಿ ಎಂದು ಹುಡುಕಿರಿ, ಗಂಟುಹಾಕಿ ಮುಂದೆ ನಡೆಯಿರಿ. ಬಟ್ಟೆ ನೆಟ್ಟಗೆ ಬರುವುದು.